‘ಅಜ್ಜಿ ತೀರಿಹೋಗಿದ್ದಕ್ಕೂ ಸ್ತೋತ್ರ ಹೇಳಬೇಕಾ ಅಮ್ಮ?’

ಓದುಗರ ಪ್ರಶ್ನೆ: ನನಗೆ 39 ವರ್ಷ. ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲೇ ಬೆಳೆದವಳು. ಎರಡು ವರ್ಷದ ಹಿಂದೆ ಒಂದು ಧ್ಯಾನಕೂಟದಲ್ಲಿ, ದೇವರು ಮಾಡಿದ ಐದು ಉಪಕಾರಗಳನ್ನು ದಿನಾ ಬರೆದಿಡಿ ಅಂತ ಹೇಳಿದರು. ಅವತ್ತಿನಿಂದ ಬರೆಯುತ್ತಾ ಬಂದೆ. ಮೊದಮೊದಲು ತುಂಬಾ ಖುಷಿಯಾಗುತ್ತಿತ್ತು. ಏಳು ತಿಂಗಳ ಹಿಂದೆ ಅಮ್ಮ ತೀರಿಹೋದರು. ಅದೇ ಹೊತ್ತಿಗೆ ನಮ್ಮ ಯಜಮಾನರ ಕೆಲಸವೂ ಹೋಯಿತು. ಈಗಲೂ ಬರೆಯುತ್ತೇನೆ. ಮನೆ, ಮಕ್ಕಳು, ಆರೋಗ್ಯ ಅಂತ ಕೈ ಬರೆಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಒಂದು ದಿನ ಬಿಟ್ಟರೆ ಭಯ. ಇರೋದನ್ನೂ ದೇವರು ಕಿತ್ತುಕೊಂಡುಬಿಟ್ಟರೆ ಅಂತ. ಸಭೆಯಲ್ಲಿ ‘ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ’ ಅನ್ನುವ ವಾಕ್ಯ ಹೇಳುತ್ತಾರೆ. ‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು’ ಅನ್ನುತ್ತಾರೆ. ಮೊನ್ನೆ ಊಟದ ಪ್ರಾರ್ಥನೆ ಆದಮೇಲೆ ಎಂಟು ವರ್ಷದ ಮಗಳು ಕೇಳಿದಳು, ‘ಅಜ್ಜಿ ತೀರಿಹೋಗಿದ್ದಕ್ಕೂ ಸ್ತೋತ್ರ ಹೇಳಬೇಕಾ ಅಮ್ಮ?’ ನನಗೆ ಉತ್ತರ ಹೊಳೆಯಲಿಲ್ಲ. ನಾನು ಕಪಟಿಯಾ? ದಿನದಿನದ ಬದುಕಿನಲ್ಲಿ ದೇವರಿಗೆ ನಿಜವಾಗಿ ಕೃತಜ್ಞಳಾಗಿರುವುದು ಹೇಗೆ?

ಉತ್ತರ: ಸಹೋದರಿ, ಮಗಳ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಬೇಡ. ಅಜ್ಜಿ ತೀರಿಹೋಗಿದ್ದಕ್ಕೆ ಸ್ತೋತ್ರ ಹೇಳಬೇಕಾಗಿಲ್ಲ. ಅವಳಿಗೆ ಇದನ್ನು ಹೇಗೆ ಹೇಳುವುದು ಅನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನಿಮ್ಮ ವಿಷಯ. ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಅದರಲ್ಲಿ ಬೇರೆ ಬೇರೆ ಮೂರು ನೋವು ಒಂದೇ ಗಂಟಾಗಿ ಕೂತಿವೆ. ಅಮ್ಮನನ್ನು ಕಳೆದುಕೊಂಡ ದುಃಖ ಒಂದು. ಸ್ತೋತ್ರ ತಪ್ಪಿದರೆ ಶಿಕ್ಷೆ ಅನ್ನುವ ಭಯ ಇನ್ನೊಂದು. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು ಅನ್ನುವ ನಾಚಿಕೆ ಮೂರನೆಯದು. ಸಭಾಪಾಲಕನಾಗಿ, ಆಪ್ತಸಮಾಲೋಚಕನಾಗಿ ಬಹಳ ವರ್ಷಗಳಿಂದ ಜನರ ಜೊತೆ ಕೂತು ಮಾತಾಡಿದ್ದೇನೆ. ಈ ಮೂರೂ ಒಟ್ಟಿಗೆ ಬಂದಾಗ ಜನ ಹೆಚ್ಚಾಗಿ ಕೇಳುವುದು ಕೊನೆಯದನ್ನೇ, ‘ನಾನು ಕಪಟಿಯಾ’ ಅಂತ. ಆದರೆ ಮೊದಲು ಬಿಡಿಸಬೇಕಾದ ಗಂಟು ನಡುವಿನದು, ಭಯದ್ದು. ಅದು ಇರುವ ತನಕ ಬೇರೆ ಯಾವುದೂ ಸಡಿಲವಾಗುವುದಿಲ್ಲ.

ಸ್ತೋತ್ರ ಹೇಳದಿದ್ದರೆ ದೇವರು ಕೊಟ್ಟಿದ್ದನ್ನು ಕಿತ್ತುಕೊಳ್ಳುತ್ತಾನೆ ಅನ್ನುವ ಮಾತನ್ನು ನಾನೂ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅದಕ್ಕೆ ಸಾಮಾನ್ಯವಾಗಿ ಆಧಾರ ಮಾಡಿಕೊಳ್ಳುವುದು ಲೂಕ 17ರಲ್ಲಿರುವ ಹತ್ತು ಮಂದಿ ಕುಷ್ಠರೋಗಿಗಳ ಸಂಗತಿಯನ್ನು. ಹತ್ತು ಜನ ಗುಣವಾದರು, ಒಬ್ಬನೇ ತಿರುಗಿ ಬಂದ, ಅವನೂ ಯೆಹೂದ್ಯರು ಹೊರಗಿನವನೆಂದು ನೋಡುತ್ತಿದ್ದ ಸಮಾರ್ಯದವನು. ‘ಮಿಕ್ಕ ಒಂಬತ್ತು ಮಂದಿ ಎಲ್ಲಿ?’ ಅಂತ ಯೇಸು ಕೇಳಿದ್ದು ನಿಜ. ಆತನಿಗೆ ಅದು ನೋವು ತಂದಿತ್ತು ಅಂತಲೇ ನನಗನಿಸುತ್ತದೆ. ಆದರೆ ಆ ಭಾಗವನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಒಂಬತ್ತು ಮಂದಿಗೆ ರೋಗ ವಾಪಸ್ ಬಂತು ಅಂತ ಎಲ್ಲಿಯೂ ಇಲ್ಲ. ಅವರು ಗುಣವಾದವರಾಗಿಯೇ ಹೋದರು. ಅದೇ ಲೂಕನ ಸುವಾರ್ತೆಯ 6:35ರಲ್ಲಿ ಇನ್ನೂ ಬಿಡಿಸಿ ಹೇಳಿದೆ. ಪರಾತ್ಪರನಾದ ದೇವರು ಉಪಕಾರ ನೆನೆಯದವರಿಗೂ ಕೆಟ್ಟವರಿಗೂ ಒಳ್ಳೆಯದನ್ನೇ ಮಾಡುತ್ತಾನೆ. ನೆನೆಯದವರಿಗೇ ಒಳ್ಳೆಯದು ಮಾಡುವಾತ, ದುಃಖದಲ್ಲಿ ಒಂದು ದಿನ ನೋಟ್‌ಬುಕ್ ಮುಟ್ಟದ ಮಗಳ ಮೇಲೆ ಹಗೆ ಸಾಧಿಸುತ್ತಾನಾ?

ಹಾಗಂತ ಕೃತಜ್ಞತೆ ಇಲ್ಲದಿರುವುದನ್ನು ಬೈಬಲ್ ಹಗುರವಾಗಿ ತೆಗೆದುಕೊಳ್ಳುತ್ತದೆ ಅಂತ ನಾನು ಹೇಳಲಾರೆ. ರೋಮಾಪುರದವರಿಗೆ ಬರೆದ ಪತ್ರದ 1:21ರಲ್ಲಿ, ದೇವರನ್ನು ಬಲ್ಲವರಾಗಿದ್ದೂ ಸ್ತುತಿಸದೆ ಹೋದವರ ಬಗ್ಗೆ ಪೌಲನು ಗಟ್ಟಿಯಾಗಿಯೇ ಹೇಳುತ್ತಾನೆ. ಅವರಿಗೆ ಆದ ನಷ್ಟ ಏನು ಅಂತ ನೋಡಿ. ಅವರ ಮನಸ್ಸಿಗೆ ಕತ್ತಲು ಕವಿಯಿತು. ಕಾಣುವ ಶಕ್ತಿಯೇ ಹೋಯಿತು. ಕೊಟ್ಟವನ ಮುಖ ಮರೆತುಹೋಗುವುದೇ ದೊಡ್ಡ ನಷ್ಟ. ನೀವು ಮರೆತಿಲ್ಲ. ಮರೆತವರು ಇಷ್ಟು ಒದ್ದಾಡುವುದಿಲ್ಲ.

ಇನ್ನು ‘ಎಲ್ಲಾದರಲ್ಲಿಯೂ’ ಅನ್ನುವ ವಾಕ್ಯ, 1 ಥೆಸಲೋನಿಕ 5:18. ನಮ್ಮ ಕನ್ನಡ ಬೈಬಲ್‌ನಲ್ಲಿ ‘ಅಲ್ಲಿ’ ಅನ್ನುವ ವಿಭಕ್ತಿ ಸರಿಯಾಗಿಯೇ ಉಳಿದಿದೆ. ಮೂಲ ಗ್ರೀಕ್‌ನಲ್ಲಿರುವ ‘ಎನ್ ಪಾಂಟಿ’ಗೂ ಅದೇ ಅರ್ಥ, ಎಲ್ಲದರ ನಡುವೆ. ನಾವೇ ಮಾತಾಡುವಾಗ ಅದನ್ನು ‘ಎಲ್ಲದಕ್ಕೂ’ ಅಂತ ಮಾಡಿಕೊಂಡುಬಿಡುತ್ತೇವೆ. ಮಳೆಯಲ್ಲಿ ನಡೆಯುವುದಕ್ಕೂ ಮಳೆಗಾಗಿ ನಡೆಯುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಲ್ವಾ? ಆ ಪತ್ರ ಯಾರಿಗೆ ಬರೆದದ್ದು ಅನ್ನುವುದೂ ಮುಖ್ಯ. ಥೆಸಲೋನಿಕದ ಸಭೆಯಲ್ಲಿ ಕೆಲವರು ತೀರಿಹೋಗಿದ್ದರು. ಉಳಿದವರು ದುಃಖದಲ್ಲಿದ್ದರು. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಅಂತ 4:13ರಲ್ಲಿ ಬರೆಯುತ್ತಾನೆ ಪೌಲ. ದುಃಖಿಸಲೇಬೇಡಿ ಅನ್ನುವುದಿಲ್ಲ. ಅಂದರೆ ನಿಮಗೆ ಹೇಳಿದ ಆ ವಾಕ್ಯ ಮೊದಲು ತಲುಪಿದ್ದು ನಿಮ್ಮಂಥವರನ್ನೇ, ಅಳುತ್ತಿದ್ದವರನ್ನೇ.

ಎಫೆಸದವರಿಗೆ 5:20ರಲ್ಲಿ ‘ಎಲ್ಲಾ ಕಾರ್ಯಗಳಿಗಾಗಿ’ ಅಂತಲೇ ಇದೆಯಲ್ಲ ಅಂತ ಯಾರಾದರೂ ನಿಮ್ಮನ್ನು ಕೇಳಬಹುದು. ಇದೆ. ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅದಕ್ಕೆ ಒಂಬತ್ತು ವಚನ ಹಿಂದೆ, 5:11ರಲ್ಲಿ, ಕತ್ತಲೆಯ ಕೆಲಸಗಳಲ್ಲಿ ಪಾಲುಗಾರರಾಗಬೇಡಿ, ಅವುಗಳನ್ನು ಬಯಲಿಗೆ ತನ್ನಿ ಅಂತ ಅದೇ ಪೌಲ ಬರೆದಿದ್ದಾನೆ. ಕೆಟ್ಟದ್ದನ್ನು ಬಯಲಿಗೆ ತರಲು ಹೇಳುವವನು ಅದೇ ಉಸಿರಿನಲ್ಲಿ ಕೆಟ್ಟದ್ದಕ್ಕೂ ಸ್ತೋತ್ರ ಹೇಳಿ ಅನ್ನುವುದಿಲ್ಲ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಸಭಾಪಾಲನೆಗೆ ಬಂದ ಹೊಸದರಲ್ಲಿ, ಮಗುವನ್ನು ಕಳೆದುಕೊಂಡ ಒಬ್ಬ ತಂದೆಗೆ ನಾನು ಇದೇ ವಾಕ್ಯ ಹೇಳಿದೆ. ಅದೂ ಮಣ್ಣು ಮಾಡಿ ಬಂದ ಸಂಜೆಯೇ. ಅವರು ಏನೂ ಅನ್ನಲಿಲ್ಲ. ಸುಮ್ನೆ ಎದ್ದು ಒಳಗೆ ಹೋದರು. ಅವರ ಬೆನ್ನು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲ. ಅದನ್ನು ಆ ಸಂಜೆ ಹೇಳುವ ಹಕ್ಕು ನನಗಿರಲಿಲ್ಲ. ಆಮೇಲೆ ಯೋಹಾನ 11ನೇ ಅಧ್ಯಾಯ ಓದುವಾಗಲೆಲ್ಲ ಅವರೇ ನೆನಪಾಗುತ್ತಾರೆ. ತನ್ನ ಸ್ನೇಹಿತ ಲಾಜರನ ಸಮಾಧಿಯ ಹತ್ತಿರ ಯೇಸು ಅತ್ತದ್ದು 35ನೇ ವಚನದಲ್ಲಿ. ‘ತಂದೆಯೇ, ನಿನಗೆ ಸ್ತೋತ್ರ’ ಅಂದದ್ದು 41ರಲ್ಲಿ. ಎರಡೂ ಒಂದೇ ದಿನ, ಒಂದೇ ಬಾಯಿ. ಲಾಜರನ ಸಹೋದರಿಯರಾದ ಮಾರ್ಥಳಿಗಾಗಲಿ ಮರಿಯಳಿಗಾಗಲಿ ಸ್ತೋತ್ರ ಹೇಳಿ ಅಂತ ಆತನು ಹೇಳಲಿಲ್ಲ. ಅವರ ಜೊತೆ ಅತ್ತು, ಆಮೇಲೆ ತಾನೇ ಹೇಳಿದ.

‘ನಿನಗಿಂತ ಕಷ್ಟದಲ್ಲಿರುವವರನ್ನು ನೋಡು’ ಅನ್ನುವ ಮಾತನ್ನು ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಆ ದಾರಿ ಬೇಡ. ಇನ್ನೊಬ್ಬರ ನೋವಿನ ಮೇಲೆ ಹತ್ತಿ ನಿಂತು ಹೇಳುವ ಸ್ತೋತ್ರ ಹೇಗಿರುತ್ತದೆ ಅಂತ ಲೂಕ 18ರಲ್ಲಿ, ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಂಗಡದವನಾದ ಫರಿಸಾಯನ ಪ್ರಾರ್ಥನೆಯಲ್ಲಿ ಕಾಣಬಹುದು. ಅವನ ಪ್ರಾರ್ಥನೆಯೂ ದೇವರಿಗೆ ಸ್ತೋತ್ರ ಹೇಳುತ್ತಲೇ ಶುರುವಾಗುತ್ತದೆ. ಪಕ್ಕದಲ್ಲಿ ನಿಂತಿದ್ದ ಸುಂಕದವನ ಹಾಗೆ ತಾನಿಲ್ಲ ಅನ್ನುವುದೇ ಅವನ ಸಂತೋಷ. ಇನ್ನೊಂದು ವಿಷಯ. ಹೋಲಿಕೆಯಿಂದ ಬಂದ ಸಮಾಧಾನ, ನಮಗಿಂತ ಚೆನ್ನಾಗಿರುವವರನ್ನು ನೋಡಿದ ಕೂಡಲೇ ಹೋಗಿಬಿಡುತ್ತದೆ.

ಈಗ ನೋಟ್‌ಬುಕ್. ಅದು ಒಣಗಿದ್ದಕ್ಕೆ ದುಃಖ ಒಂದೇ ಕಾರಣ ಅಲ್ಲ. ಮನುಷ್ಯನ ಮನಸ್ಸು ಇರೋದೇ ಹಾಗೆ. ದಿನಾ ನೋಡುವ ಒಳ್ಳೆಯದಕ್ಕೆ ಬೇಗ ಒಗ್ಗಿಹೋಗುತ್ತದೆ. ಕೆಟ್ಟದ್ದನ್ನು ಮಾತ್ರ ಬಿಡದೆ ಹಿಡಿದುಕೊಳ್ಳುತ್ತದೆ. 2003ರಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಅನ್ನುವ ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ವಾರಕ್ಕೊಮ್ಮೆ ಐದರವರೆಗೆ ಒಳ್ಳೆಯ ಸಂಗತಿಗಳನ್ನು 10 ವಾರ ಬರೆದವರು, ತೊಂದರೆಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಲ್ಲಿದ್ದರು. ನಿಮಗೆ ಧ್ಯಾನಕೂಟದಲ್ಲಿ ಹೇಳಿದ ಪದ್ಧತಿಗೂ ಇದಕ್ಕೂ ಹೋಲಿಕೆ ಇದೆ. ಆದರೆ ವಾರಕ್ಕೊಮ್ಮೆ ಅನ್ನುವುದನ್ನು ಗಮನಿಸಿ. ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಯವರು ಆರು ವಾರ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ವಾರಕ್ಕೊಮ್ಮೆ ಬರೆದವರಿಗೆ ಸಿಕ್ಕ ಉಪಯೋಗ ವಾರಕ್ಕೆ ಮೂರು ಸಲ ಬರೆದವರಿಗೆ ಸಿಗಲಿಲ್ಲ. ಜಾಸ್ತಿ ಬರೆದರೆ ಜಾಸ್ತಿ ಕೃತಜ್ಞತೆ ಅಂತ ಏನಿಲ್ಲ. ದಿನಾ ಅದದೇ ಪಟ್ಟಿ ಬರೆದರೆ ಕಣ್ಣು ಮಂಜಾಗುತ್ತದೆ. ನಿಮಗೆ ಆಗಿರುವುದು ಅದೇ. ಇದಕ್ಕೆ ಕಪಟ ಅನ್ನುವ ಹೆಸರು ಬೇಡ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ ಅಂತ ನನಗನಿಸುತ್ತದೆ. ನಿಮ್ಮ ನೋಟ್‌ಬುಕ್ ಲೆಕ್ಕದ ಪುಸ್ತಕ ಆಗಿಬಿಟ್ಟಿದೆ. ಬಾಕಿ ಉಳಿಸಿಕೊಂಡರೆ ಸಾಲಗಾರ ಬಾಗಿಲಿಗೆ ಬರುತ್ತಾನೆ ಅನ್ನುವ ಹಾಗೆ. ಸ್ತೋತ್ರ ಅಂದರೆ ಒಬ್ಬರ ಜೊತೆ ಆಡುವ ಮಾತು. ಐದು ಸಾಲು ಬರೆದು ಪುಸ್ತಕ ಮುಚ್ಚುವಾಗ ನೀವು ಯಾರ ಹತ್ತಿರವೂ ಮಾತಾಡಿರುವುದಿಲ್ಲ. ಒಂದು ಸಣ್ಣ ಬದಲಾವಣೆ ಮಾಡಿ ನೋಡಿ. ‘ಆರೋಗ್ಯ’ ಅಂತ ಬರೆಯುವ ಬದಲು, ‘ಅಪ್ಪಾ, ಇವತ್ತು ಮಧ್ಯಾಹ್ನ ಅರ್ಧ ಗಂಟೆ ನಿದ್ದೆ ಬಂತು, ಬಹಳ ದಿನ ಆಗಿತ್ತು’ ಅಂತ ಬರೆಯಿರಿ. ಅದರ ಕೆಳಗೇ ‘ಅಮ್ಮ ಇಲ್ಲದೆ ಸಾಕಾಗಿದೆ’ ಅಂತಲೂ ಬರೆಯಿರಿ. ಎರಡೂ ಒಂದೇ ಪುಟದಲ್ಲಿ ಇರಲಿ.

ಇದು ನಾನು ಕಂಡುಹಿಡಿದದ್ದಲ್ಲ. ಕೀರ್ತನೆಗಳು ಇರುವುದೇ ಹೀಗೆ. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ‘ಎಷ್ಟರವರೆಗೆ’ ಅನ್ನುವ ಪ್ರಶ್ನೆ ಮೊದಲ ಎರಡು ವಚನಗಳಲ್ಲೇ ನಾಲ್ಕು ಸಲ ಬರುತ್ತದೆ. ದೇವರು ತನ್ನನ್ನು ಮರೆತುಬಿಟ್ಟನಾ ಅಂತ ನೇರವಾಗಿ ಕೇಳುತ್ತಾನೆ ದಾವೀದ. ಕೊನೆಯ ವಚನದಲ್ಲಿ, ನನಗೆ ಮಹೋಪಕಾರ ಮಾಡಿದಾತನಿಗೆ ಹಾಡುವೆನು ಅನ್ನುತ್ತಾನೆ. ನಡುವೆ ಪರಿಸ್ಥಿತಿ ಬದಲಾಯಿತು ಅಂತ ಎಲ್ಲೂ ಬರೆದಿಲ್ಲ. 88ನೇ ಕೀರ್ತನೆಗೆ ಆ ಕೊನೆಯ ಸಾಲೂ ಇಲ್ಲ. ಅದು ಕತ್ತಲಲ್ಲೇ ಮುಗಿಯುತ್ತದೆ. ಆದರೂ 150 ಕೀರ್ತನೆಗಳಲ್ಲಿ ಅದಕ್ಕೂ ಒಂದು ಜಾಗ ಇದೆ. ಯಾರೂ ಅದನ್ನು ತೆಗೆದುಹಾಕಲಿಲ್ಲ. ನಿಮ್ಮ ಕೆಲವು ದಿನಗಳು 13ರ ಹಾಗೆ, ಕೆಲವು 88ರ ಹಾಗೆ ಇರುತ್ತವೆ. ಎರಡೂ ಪ್ರಾರ್ಥನೆಯೇ. 88ನ್ನು ಬರೆದವನು ಕತ್ತಲಲ್ಲಿದ್ದರೂ ದೇವರ ಕಡೆ ತಿರುಗಿಯೇ ಮಾತಾಡುತ್ತಿದ್ದ.

ಈ ದಾರಿಯಲ್ಲೂ ಒಂದು ಅಪಾಯ ಇದೆ. ಪ್ರಲಾಪವನ್ನು ಒಬ್ಬರೇ ಮುಚ್ಚಿಟ್ಟುಕೊಂಡು ಮಾಡಿದರೆ ಅದು ಸುತ್ತಿ ಸುತ್ತಿ ನಮ್ಮೊಳಗೇ ಬೀಳುತ್ತದೆ. ನಂಬಿಕೆಯ ಒಬ್ಬರೋ ಇಬ್ಬರೋ ಗೆಳತಿಯರಿಗೆ ಹೇಳಿ, ‘ನನ್ನ ಕೈಲಿ ಸದ್ಯಕ್ಕೆ ಸ್ತೋತ್ರ ಮಾಡಲು ಆಗುತ್ತಿಲ್ಲ, ನನ್ನ ಪರವಾಗಿ ನೀವು ಮಾಡಿ’ ಅಂತ. ಸಭೆ ಇರುವುದು ಇದಕ್ಕೂ ತಾನೇ. ಭಾನುವಾರ ಎಲ್ಲರೂ ಹಾಡುವಾಗ ನಿಮ್ಮ ಬಾಯಿ ತೆರೆಯದಿದ್ದರೆ ಸುಮ್ನೆ ನಿಂತಿರಿ. ಪಕ್ಕದವರ ಹಾಡು ನಿಮ್ಮದೂ ಹೌದು.

ದಿನನಿತ್ಯಕ್ಕೆ ಏನು ಮಾಡಬಹುದು ಅಂತ ಕೇಳಿದ್ದೀರಿ. ನಾನು ಹೆಚ್ಚಾಗಿ ಹೇಳಿಕೊಡುವುದು ಸಂಜೆಯ ಹಿನ್ನೋಟ. ಲೊಯೊಲಾದ ಇಗ್ನೇಷಿಯಸ್ ಅನ್ನುವ ಸಂತ 1548ರಲ್ಲಿ ಅಚ್ಚಾದ ತನ್ನ ಧ್ಯಾನ ಕೈಪಿಡಿಯಲ್ಲಿ, ದಿನವನ್ನು ಪರೀಕ್ಷಿಸಿಕೊಳ್ಳಲು ಐದು ಹೆಜ್ಜೆ ಹೇಳಿದ್ದಾನೆ. ಮೊದಲನೆಯದು ಪಾಪದ ಲೆಕ್ಕವಲ್ಲ, ಕೃತಜ್ಞತೆ. ನೀವು ಐದೂ ಮಾಡಬೇಕಿಲ್ಲ. ಹತ್ತು ನಿಮಿಷ ಕೂತು ಬೆಳಗಿನಿಂದ ಇಲ್ಲಿಯತನಕದ ದಿನವನ್ನು ನಿಧಾನವಾಗಿ ಹಿಂದೆ ನೋಡಿ. ಎಲ್ಲಿ ಸ್ವಲ್ಪ ಉಸಿರಾಡಲು ಆಯಿತು? ಎಲ್ಲಿ ಎದೆ ಬಿಗಿಯಿತು? ಮೊದಲನೆಯದಕ್ಕೆ ‘ಸ್ತೋತ್ರ ಸ್ವಾಮಿ’ ಅನ್ನಿ, ಎರಡನೆಯದಕ್ಕೆ ‘ಇಲ್ಲಿ ನನ್ನ ಜೊತೆ ಇರು’ ಅನ್ನಿ. ಅಷ್ಟೇ. ಏನೂ ಸಿಗದ ದಿನ ‘ಇವತ್ತು ಏನೂ ಕಾಣಲಿಲ್ಲ’ ಅಂತ ಹೇಳಿ ಏಳಿ. ತಮ್ಮನ್ನೇ ಕುಟುಕಿಕೊಳ್ಳುವ ಸ್ವಭಾವದವರಿಗೆ ಮಾತ್ರ ಇದರಲ್ಲಿ ಒಂದು ತೊಡಕು. ಅವರು ಬೇಗನೆ ತಪ್ಪುಗಳ ಪಟ್ಟಿಗೆ ಇಳಿದುಬಿಡುತ್ತಾರೆ. ನಿಮ್ಮ ಪತ್ರ ನೋಡಿದರೆ ನಿಮಗೂ ಆ ಕಡೆ ವಾಲುವ ಅಭ್ಯಾಸ ಇರುವ ಹಾಗಿದೆ. ಹಾಗೇನಾದರೂ ಆದರೆ ಮೊದಲ ಹೆಜ್ಜೆಯಲ್ಲೇ ನಿಲ್ಲಿಸಿ. ಮಲಗುವ ಹೊತ್ತಿಗೆ ಬೇಡ, ಅದಕ್ಕೂ ಮೊದಲೇ ಮುಗಿಸಿ. ನಿದ್ದೆ ಕೆಡುವುದಿಲ್ಲ.

ನೋಟ್‌ಬುಕ್ಕನ್ನು ಒಂದು ತಿಂಗಳು ಮುಚ್ಚಿಡಿ ಅಂತಲೂ ಹೇಳುತ್ತೇನೆ. ಮೊದಲ ವಾರ ಭಯ ಜಾಸ್ತಿ ಆಗಬಹುದು. ಆ ಭಯವನ್ನೇ ಪ್ರಾರ್ಥನೆಯಲ್ಲಿ ಹೇಳಿ. ತಿಂಗಳಾದ ಮೇಲೂ ಏನೂ ಕುಸಿದಿರುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಬದುಕಿನಲ್ಲಿ ಕಷ್ಟ ಯಾವಾಗ ಬೇಕಾದರೂ ಬರುತ್ತದೆ. ಬಂದರೆ ಅದು ನೀವು ಬರೆಯದಿದ್ದಕ್ಕೆ ಬಂದದ್ದಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮತ್ತೆ ಶುರುಮಾಡುವಾಗ ವಾರಕ್ಕೊಮ್ಮೆ ಸಾಕು.

ಊಟದ ಪ್ರಾರ್ಥನೆ ಬಿಡಬೇಡಿ. ಬಾಯಿಪಾಠ ಆಗಿದ್ದರೂ ಪರವಾಗಿಲ್ಲ. ಮನಸ್ಸು ಬರಡಾದ ದಿನ ಬಾಯಿಪಾಠದ ಮಾತೇ ನಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಪೌಲ ಸಮುದ್ರದ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ, 276 ಜನರ ಮುಂದೆ ರೊಟ್ಟಿ ಹಿಡಿದು ಸ್ತೋತ್ರ ಮಾಡಿದ ಅಂತ ಅಪೊಸ್ತಲರ ಕೃತ್ಯಗಳು 27ರಲ್ಲಿದೆ. ಗಾಳಿ ಇನ್ನೂ ನಿಂತಿರಲಿಲ್ಲ. ಅವನು ಬಿರುಗಾಳಿಗೆ ಸ್ತೋತ್ರ ಹೇಳಲಿಲ್ಲ, ಕೈಯಲ್ಲಿದ್ದ ರೊಟ್ಟಿಗೆ ಹೇಳಿದ. ಯೇಸುವೂ ತನ್ನನ್ನು ಹಿಡಿದುಕೊಟ್ಟ ರಾತ್ರಿಯೇ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ. ಆ ರಾತ್ರಿಯ ನೆನಪಿಗೆ ಮಾಡುವ ಕರ್ತನ ಭೋಜನಕ್ಕೆ ಹಳೆಯ ಸಭೆ ಇಟ್ಟ ‘ಯೂಕರಿಸ್ತ್’ ಅನ್ನುವ ಹೆಸರಿಗೂ ಗ್ರೀಕ್‌ನಲ್ಲಿ ಕೃತಜ್ಞತೆ ಅಂತಲೇ ಅರ್ಥ. ಇನ್ನೊಂದು, ಧರ್ಮೋಪದೇಶಕಾಂಡ 8:10ರಲ್ಲಿ ತಿಂದು ತೃಪ್ತರಾದ ಮೇಲೆ ಕೊಂಡಾಡಿ ಅಂತಿದೆ. ಊಟಕ್ಕೆ ಮುಂಚೆ ಹಸಿವಿಗೆ ಅವಸರ. ಆಮೇಲೆ ಒಂದು ನಿಮಿಷ ಕೂತು ಹೇಳುವ ಮಾತಿಗೆ ಬೇರೆಯೇ ಸಮಾಧಾನ ಇರುತ್ತದೆ.

ಹಳೆಯ ಒಡಂಬಡಿಕೆಯ ಕೃತಜ್ಞತಾಯಜ್ಞದ ಒಂದು ನಿಯಮ ನನಗೆ ತುಂಬಾ ಇಷ್ಟ. ಯಾಜಕಕಾಂಡ 7:15ರ ಪ್ರಕಾರ ಆ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನವರೆಗೆ ಇಡಬಾರದು. ಒಬ್ಬರೇ ಮುಗಿಸಲು ಆಗುತ್ತದಾ? ನಾಲ್ಕು ಜನರನ್ನು ಕರೆಯಲೇಬೇಕು. ನಿಮ್ಮ ಯಜಮಾನರಿಗೆ ಕೆಲಸ ಇಲ್ಲದ ಈ ತಿಂಗಳುಗಳಲ್ಲಿ ಯಾರಾದರೂ ನಿಮಗೆ ಏನಾದರೂ ಮಾಡಿರುತ್ತಾರೆ. ಅಮ್ಮನ ಕೊನೆಯ ದಿನಗಳಲ್ಲಿ ಪಕ್ಕ ಕೂತವರು ಇರುತ್ತಾರೆ. ಅವರಿಗೆ ಹೋಗಿ ನೇರವಾಗಿ ಹೇಳಿ, ‘ಅವತ್ತು ನೀವು ಬಂದಿರಲ್ಲ, ಮರೆತಿಲ್ಲ’ ಅಂತ. ದೇವರಿಗೆ ಹೇಳುವ ಸ್ತೋತ್ರ ಒಣಗಿದಾಗ ಎಷ್ಟೋ ಜನರಿಗೆ ಅದು ಇಲ್ಲಿಂದಲೇ ಮತ್ತೆ ಒಸರಿದ್ದನ್ನು ನೋಡಿದ್ದೇನೆ. ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಲು ಮಾತ್ರ ಈಗಲೇ ಒಪ್ಪಬೇಡಿ. ಗೆದ್ದ ಕಥೆಯನ್ನೇ ಹೇಳಬೇಕು ಅನ್ನುವ ಒತ್ತಡ ಅಲ್ಲಿರುತ್ತದೆ.

ಯಜಮಾನರ ಕೆಲಸ ಹೇಗೆ ಹೋಯಿತು ಅಂತ ನೀವು ಬರೆದಿಲ್ಲ. ಅನ್ಯಾಯವಾಗಿದ್ದರೆ ಒಂದು ಮಾತು. ಪೌಲ ಮತ್ತು ಅವನ ಜೊತೆಗಾರ ಸೀಲ ಫಿಲಿಪ್ಪಿ ಪಟ್ಟಣದ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡಿದ್ದು ಎಲ್ಲರಿಗೂ ಗೊತ್ತು. ಬೆಳಗಾದ ಮೇಲೆ ಅಧಿಕಾರಿಗಳು ‘ಬಿಟ್ಟಿದ್ದೇವೆ, ಹೋಗಿ’ ಅಂದಾಗ ಪೌಲ ಒಪ್ಪಲಿಲ್ಲ. ‘ವಿಚಾರಣೆ ಮಾಡದೆ ಎಲ್ಲರ ಮುಂದೆ ಹೊಡೆಸಿದ್ದಾರೆ, ಅವರೇ ಬಂದು ಕರಕೊಂಡು ಹೋಗಲಿ’ ಅಂದ. ರಾತ್ರಿ ಸ್ತುತಿ, ಬೆಳಿಗ್ಗೆ ತಕರಾರು. ಕೃತಜ್ಞತೆಯ ಹೆಸರಲ್ಲಿ ಬಾಯಿ ಮುಚ್ಚಿಕೊಂಡು ಸಹಿಸಿ ಅಂತ ಯಾರಾದರೂ ಅಂದರೆ ಈ ಭಾಗ ತೋರಿಸಿ. ಮನೆಯಲ್ಲಿ ಹೊಡೆತ ಬಡಿತ ಸಹಿಸುತ್ತಿರುವ ಹೆಂಗಸರಿಗೂ ಇದನ್ನೇ ಹೇಳುತ್ತೇನೆ. ಮೊದಲು ಸುರಕ್ಷಿತವಾದ ಜಾಗ, ಮಿಕ್ಕಿದ್ದೆಲ್ಲ ಆಮೇಲೆ.

ಕೊನೆಯದಾಗಿ ವೈದ್ಯರ ವಿಷಯ. ಏಳು ತಿಂಗಳಿಗೆ ದುಃಖ ಮುಗಿಯಬೇಕಿತ್ತು ಅಂತ ನಾನು ಹೇಳುವುದಿಲ್ಲ. ಆದರೆ ಎರಡು ವಾರಕ್ಕಿಂತ ಜಾಸ್ತಿ, ಹೆಚ್ಚು ಕಡಿಮೆ ದಿನವಿಡೀ, ಯಾವುದೂ ರುಚಿಸದೆ, ಊಟ ನಿದ್ದೆ ಕೆಟ್ಟು, ನಾನು ಯಾವುದಕ್ಕೂ ಬೇಡದವಳು ಅನ್ನಿಸುತ್ತಿದ್ದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ಅದನ್ನು ಸ್ತೋತ್ರದಿಂದ ಓಡಿಸಲು ಹೋಗಬೇಡಿ, ಕಾಲು ಮುರಿದಾಗ ಹಾಗೆ ಮಾಡುವುದಿಲ್ಲ ತಾನೇ. ಮನೋವೈದ್ಯರನ್ನು ನೋಡುವುದು ನಂಬಿಕೆಯ ಕೊರತೆ ಅಲ್ಲ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಇವತ್ತೇ, ಈಗಲೇ, ಹತ್ತಿರದ ಒಬ್ಬರಿಗೆ ಹೇಳಿ, ವೈದ್ಯರ ಬಳಿ ಕರಕೊಂಡು ಹೋಗಲು ಕೇಳಿ.

ಈಗ ಮಗಳ ಪ್ರಶ್ನೆ. ಅದಕ್ಕೆ ಉತ್ತರ ಹೊಳೆಯಲಿಲ್ಲ ಅಂತ ನಾಚಬೇಡಿ. ಸುಳ್ಳು ಉತ್ತರ ಕೊಡದೆ ಸುಮ್ಮನಾದಿರಿ, ಅದು ಒಳ್ಳೆಯದಾಯಿತು. ‘ಇಲ್ಲ ಕಂದಾ’ ಅಂತ ಹೇಳಿ. ‘ಅಜ್ಜಿ ತೀರಿಹೋಗಿದ್ದಕ್ಕೆ ನನಗೂ ಅಳು ಬರುತ್ತೆ. ಯೇಸುವೂ ಸ್ನೇಹಿತ ಸತ್ತಾಗ ಅತ್ತ. ನಾವು ಸ್ತೋತ್ರ ಹೇಳೋದು ಅಜ್ಜಿ ನಮಗೆ ಸಿಕ್ಕಿದ್ದಕ್ಕೆ.’ ಅವಳ ಮುಂದೆ ಅಳು ಬಂದರೆ ತಡೆಯಬೇಡಿ. ಆಮೇಲೆ ಅಜ್ಜಿಯ ಬಗ್ಗೆ ಅವಳಿಗೆ ಏನು ನೆನಪಿದೆ ಅಂತ ಕೇಳಿ. ನಿಮಗೇ ಗೊತ್ತಿಲ್ಲದ, ಅವರಿಬ್ಬರ ನಡುವೆ ಮಾತ್ರ ಇದ್ದ ಏನೋ ಒಂದು ಹೇಳುತ್ತಾಳೆ. ಆ ರಾತ್ರಿಯ ಊಟದ ಪ್ರಾರ್ಥನೆಯಲ್ಲಿ ಅದನ್ನೇ ಅವಳ ಬಾಯಿಂದ ಹೇಳಿಸಿ. ನೀವು ‘ಆಮೆನ್’ ಅಂದರೆ ಸಾಕು.